ಮೂಕಿ ಎದ್ದ ಟ್ರೇಲರ್

ನಮ್ಮ ಷಡ್ಡಕರು ಟ್ರೇಲರ್ ಕೊಂಡು ತಂದರು ಎಂದು ಮನೆಯವರೆಲ್ಲ ಹೇಳುತ್ತಾರೆ. ಕೊಂಡದ್ದು ನಿಜ, ತಂದದ್ದು ಸುಳ್ಳು. ಎಳೆದುಕೊಂಡು ಬಂದವನು ಮಾರಿದವರ ಕಡೆಯ ಡ್ರೈವರ್. ಇವರು ಅವನ ಪಕ್ಕದಲ್ಲಿ ಕೂತು ಬಂದು, ಕ್ಯಾಲಿಫೋರ್ನಿಯಾದ ಸ್ಕ್ರಿಪ್ಸ್ ರ್ಯಾಂಚಿನ ತಮ್ಮ ಮನೆ ಮುಂದೆ ಇಳಿದು, ಮಂಚ, ಬಚ್ಚಲು ಎಲ್ಲ ಇರುವ ಇಪ್ಪತ್ತನಾಲ್ಕು ಅಡಿಯ ಆ ಬಿಳಿ ಡಬ್ಬವನ್ನು ಹೆಗಲ ಮೇಲೆ ಹೊತ್ತು ತಂದವರ ಹಾಗೆ ಕರ್ಚೀಫು ತೆಗೆದು ಕುತ್ತಿಗೆ ಒರೆಸಿಕೊಂಡರು.

ಷಡ್ಡಕರೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ. ನಾನು ಭಾವ ಎಂದು ಕರೆಯುತ್ತೇನೆ. ಆಸ್ಪತ್ರೆಯಲ್ಲಿ ಮೂವತ್ತು ವರ್ಷ ಅರಿವಳಿಕೆ ಕೊಡುವ ಡಾಕ್ಟರಾಗಿದ್ದು ನಿವೃತ್ತರಾದವರು. ಜನರನ್ನು ಮಲಗಿಸಿಯೇ ಆಯುಷ್ಯ ಕಳೆದವರಿಗೆ, ಎಚ್ಚರವಾಗಿರುವವರು ಎದುರು ನಿಂತು ಪ್ರಶ್ನೆ ಕೇಳಿದರೆ ಆಗಿಬರುವುದಿಲ್ಲ. ನಾನು ಕೇಳಿದ್ದು ಒಂದೇ ಪ್ರಶ್ನೆ.

"ಭಾವ, ಇದನ್ನ ಎಳೆಯೋದು ಹೇಗೆ ಅಂತ ಹೇಳಿಕೊಟ್ರಾ ಅವರು?"

"ಅದರಲ್ಲಿ ಹೇಳಿಕೊಡೋದೇನಿದೆಯಯ್ಯಾ? ಹಿಂದ್ಗಡೆ ಕಟ್ಟೋದು, ಮುಂದ್ಗಡೆ ಕೂತು ಓಡ್ಸೋದು. ನಾನು ಅಂಬಾಸಿಡರ್‌ನಲ್ಲಿ ಊಟಿ ಘಾಟ್ ಹತ್ತಿದವನು."

ಆ ಅಂಬಾಸಿಡರಿನ ಹಿಂದೆ ಏನನ್ನೂ ಕಟ್ಟಿರಲಿಲ್ಲ ಎಂದು ನಾನು ನೆನಪಿಸಲಿಲ್ಲ. ಟ್ರೇಲರ್ ಜೊತೆ ಬಂದ ದಪ್ಪ ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚದೆ ಅವರು ಅದನ್ನು ಊಟದ ಮೇಜಿನ ಮೇಲೆ ಇಟ್ಟರು. ಮಾರನೆಯ ದಿನದಿಂದ ಅದು ಕಾಫಿ ಲೋಟ ಇಡುವ ಮಣೆಯಾಯಿತು.

ಕೊರೋನಾದ ಆ ವರ್ಷ ಅಮೆರಿಕದ ಅರ್ಧ ಜನಕ್ಕೆ ಈ ಹುಚ್ಚು ಹಿಡಿದಿತ್ತು. ಹೋಟೆಲಿಗೆ ಹೋಗಲು ಭಯ, ಮನೆಯಲ್ಲಿ ಕೂರಲು ಬೇಸರ. ಸರಿ, ಮನೆಗೇ ಗಾಲಿ ಹಾಕಿಸೋಣ ಎಂದು ಸಾಲು ನಿಂತರು. ಕಾರನ್ನೇ ನೆಟ್ಟಗೆ ಪಾರ್ಕ್ ಮಾಡಲು ಬಾರದವರೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಟ್ರೇಲರ್ ಪಂಡಿತರಾದರು. ಎರಡು ವಿಡಿಯೊ ನೋಡಿದವರು ಮೂರನೆಯವರಿಗೆ ಪಾಠ ಹೇಳಿದರು. ನಮ್ಮ ಭಾವನಿಗೆ ಆ ಎರಡು ವಿಡಿಯೊ ನೋಡುವ ವಿನಯವೂ ಇರಲಿಲ್ಲ.

ಆದರೂ ನಾನು ಆ ಡಬ್ಬದ ಹತ್ತಿರ ಸುಳಿದದ್ದು ಅತ್ತೆಯವರಿಗಾಗಿ. 2020ರ ಫೆಬ್ರವರಿಯಲ್ಲಿ ಮೈಸೂರಿನಿಂದ ಮೂರು ತಿಂಗಳಿಗೆಂದು ಹಿರಿಯ ಮಗಳ ಮನೆಗೆ, ಅಂದರೆ ಭಾವನ ಮನೆಗೆ ಬಂದವರು, ವಿಮಾನಗಳೆಲ್ಲ ನಿಂತುಹೋಗಿ ಇಲ್ಲೇ ಸಿಕ್ಕಿಕೊಂಡಿದ್ದರು. ಅವರ ಬೆನ್ನಿಗೆ ಹುಟ್ಟಿದ ತಂಗಿ, ನಮ್ಮ ಚಿಕ್ಕತ್ತೆ, ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ಮಗನ ಮನೆಯಲ್ಲಿದ್ದರು. ಹನ್ನೊಂದು ವರ್ಷದಿಂದ ಅಕ್ಕತಂಗಿಯರು ಮುಖ ನೋಡಿರಲಿಲ್ಲ. ಮಾರ್ಚಿನಲ್ಲಿ ಹೋಗೋಣ ಎಂದುಕೊಂಡಿದ್ದರು; ಮಾರ್ಚಿನಲ್ಲಿ ಊರಿನ ಬಾಗಿಲುಗಳೆಲ್ಲ ಮುಚ್ಚಿದವು. ಅಷ್ಟರಲ್ಲಿ ಚಿಕ್ಕತ್ತೆಗೆ ಕ್ಯಾನ್ಸರ್ ಚಿಕಿತ್ಸೆ ಶುರುವಾಯಿತು. ಹೊರಗಿನವರು ಯಾರೂ ಮನೆಯೊಳಗೆ ಕಾಲಿಡಕೂಡದು, ಅಂಗಳದಲ್ಲಿ ಹತ್ತು ಅಡಿ ದೂರ ಕೂತು ಮಾತಾಡಬಹುದು ಎಂದು ಅವರ ಡಾಕ್ಟರು ಹೇಳಿದ್ದರು.

ಫೋನಿನಲ್ಲಿ ಮಾತಾಡಿಕೊಳ್ಳಲಿ ಎಂದರೆ, ಚಿಕ್ಕತ್ತೆಗೆ ಕಿವಿ ಕೇಳಿಸದು. ಎದುರಿನವರ ತುಟಿ ನೋಡಿ ಮಾತು ಹಿಡಿಯುತ್ತಾರೆ. ವಿಡಿಯೊ ಕರೆ ಮಾಡಿದರೆ ನಮ್ಮ ಅತ್ತೆ ಫೋನನ್ನು ಕಿವಿಗೆ ಒತ್ತಿಕೊಳ್ಳುತ್ತಿದ್ದರು. ಆಚೆ ಕಡೆ ತಂಗಿಗೆ ಕಾಣುತ್ತಿದ್ದದ್ದು ಅಕ್ಕನ ಕಿವಿಯೋಲೆ.

"ಅವಳು ನನ್ನ ಬಾಯಿ ನೋಡ್ಬೇಕು ಕಣೇ," ಎಂದು ಅತ್ತೆ ನನ್ನ ಹೆಂಡತಿಗೆ ಹೇಳಿದರು. "ಒಂದು ನಾಲ್ಕು ದಿನ ಎದುರಿಗೆ ಕೂತ್ಕೋಬೇಕು. ಆಮೇಲೆ ನನ್ನ ಯಾವ ವಿಮಾನಕ್ಕೆ ಬೇಕಾದ್ರೂ ಹತ್ಸಿ."

ವಿಮಾನ ಆಗಲೇ ಗೊತ್ತಾಗಿತ್ತು. ಸಿಕ್ಕಿಕೊಂಡವರನ್ನು ಊರಿಗೆ ಒಯ್ಯುವ ವಿಶೇಷ ವಿಮಾನದಲ್ಲಿ ಅವರಿಗೆ ಸೀಟು ಸಿಕ್ಕಿತ್ತು, ಇನ್ನು ಐದು ವಾರಕ್ಕೆ. ಮತ್ತೆ ಈ ದೇಶಕ್ಕೆ ಬರುವ ಮಾತಿಲ್ಲ, ತಂಗಿ ಅಲ್ಲಿಗೆ ಹೋಗುವ ಸ್ಥಿತಿಯಲ್ಲಿಲ್ಲ. ಹೋಟೆಲಿನ ಹಾಸಿಗೆ ಎಂದರೆ ಅತ್ತೆಗೆ ಭಯ. ಅರ್ಧ ಗಂಟೆಗೊಮ್ಮೆ ಬಚ್ಚಲು ಬೇಕು. ಹಾಗಾಗಿ ತಂಗಿಯ ಅಂಗಳಕ್ಕೇ ಹೋಗಿ ನಿಲ್ಲುವ, ಸ್ವಂತ ಬಚ್ಚಲಿರುವ ಮನೆ ಬೇಕಾಗಿತ್ತು. ಭಾವ ಯಾವ ಕಾರಣಕ್ಕೆ ಕೊಂಡಿದ್ದರೋ, ಆ ಡಬ್ಬ ಉಪಯೋಗಕ್ಕೆ ಬರುವಂತಿದ್ದದ್ದು ಈ ಒಂದು ಕೆಲಸಕ್ಕೆ.

ಹೊರಡುವ ದಿನ ಮೊದಲು ಪೂಜೆಯಾಯಿತು. ಅದನ್ನು ಎಳೆಯಲಿದ್ದ ಭಾವನ ಪಿಕಪ್ಪಿನ ನಾಲ್ಕು ಚಕ್ರ, ಟ್ರೇಲರಿನ ನಾಲ್ಕು ಚಕ್ರ, ಎಂಟಕ್ಕೂ ನಿಂಬೆಹಣ್ಣು. ಎಂಟು ಟೈರಿನ ಅಡಿಗೂ ಬಗ್ಗಿ ನಿಂಬೆಹಣ್ಣು ಇಟ್ಟ ಮಹಾನುಭಾವರು ಒಂದಕ್ಕಾದರೂ ಗಾಳಿಯ ಒತ್ತಡ ನೋಡಲಿಲ್ಲ. ಬಗ್ಗಿದ್ದೇನೋ ಬಗ್ಗಿದ್ದರು, ಇನ್ನೊಂದು ನಿಮಿಷ ಬಗ್ಗಿದ್ದರೆ ಆಗುತ್ತಿತ್ತು. ಟ್ರೇಲರ್ ಇಟ್ಟುಕೊಂಡವರು ಹೊರಡುವ ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ, ಗಾಳಿ ನೋಡಬೇಕು. ಓಡಿದ ಮೇಲೆ ಬಿಸಿಯಾಗಿ ಸುಳ್ಳು ಲೆಕ್ಕ ತೋರಿಸುತ್ತದೆ. ಟೈರಿಗೆ ವಯಸ್ಸಾಗಿದೆಯೇ ಎಂದೂ ನೋಡಬೇಕು. ನಿಂತಲ್ಲೇ ನಿಂತು ಬಿಸಿಲು ಕುಡಿದ ಟೈರು ಮೇಲೆ ಹೊಸದಾಗಿ ಕಂಡರೂ ಒಳಗೆ ಸತ್ತಿರುತ್ತದೆ.

ಆಮೇಲೆ ಸಾಮಾನು ಬಂತು. ನಮ್ಮ ಜನರಿಗೆ ಒಂದು ವಿಚಿತ್ರ ಶಕ್ತಿಯಿದೆ. ಖಾಲಿ ಜಾಗ ಎಲ್ಲಿದ್ದರೂ ಅವರಿಗೆ ವಾಸನೆ ಬಡಿಯುತ್ತದೆ. "ಲಾಸ್ ಏಂಜಲೀಸ್ ಕಡೆ ಹೋಗ್ತಿದೀರಂತೆ?" ಎಂದು ಫೋನು ಮಾಡಿ, ಅರ್ಧ ಗಂಟೆಯಲ್ಲಿ ಮಾಸ್ಕ್ ಹಾಕಿಕೊಂಡು ಬಾಗಿಲಲ್ಲಿ ನಿಂತರು. "ಇದೊಂದು ಚಿಕ್ಕದು ಅಂಕಲ್, ನಮ್ಮ ನಾದಿನಿ ಬಂದು ತಗೊಂಡು ಹೋಗ್ತಾಳೆ." ಆ ಚಿಕ್ಕದು ಇಪ್ಪತ್ತು ಪೌಂಡಿನ ಅಕ್ಕಿ ಮೂಟೆ. ಅಂಥವು ಆರು. ಮಾವಿನಕಾಯಿ ಉಪ್ಪಿನಕಾಯಿಯ ಎರಡು ದೊಡ್ಡ ಜಾಡಿ. ಅರಳು ಸಂಡಿಗೆಯ ಡಬ್ಬಗಳು. ಯಾರದೋ ಮಗಳಿಗೆಂದು ಕಲ್ಲಿನ ವೆಟ್ ಗ್ರೈಂಡರ್. ಚಿಕ್ಕತ್ತೆಗೆಂದು ನಮ್ಮ ಅತ್ತೆ ಕಟ್ಟಿಸಿದ ಹಿತ್ತಾಳೆ ಪಾತ್ರೆಗಳ ಗಂಟು. ಯಾರಿಗೂ ಇಲ್ಲ ಎನ್ನಲು ಭಾವನಿಗೆ ಬಾಯಿಲ್ಲ. ದೊಡ್ಡಸ್ತಿಕೆಯವರಿಗೆ ಇಲ್ಲ ಎನ್ನುವುದು ಅವಮಾನ. ಟ್ರೇಲರಿನ ಹಿಂಭಾಗದಲ್ಲಿ ಒಂದರ ಮೇಲೊಂದು ಎರಡು ಹಾಸಿಗೆಗಳು ಖಾಲಿಯಿದ್ದವು. ಎಲ್ಲವೂ ಅಲ್ಲಿಗೆ ಹೋಯಿತು. ಹಿಂದಿನ ನೀರಿನ ಟ್ಯಾಂಕನ್ನೂ ಕುತ್ತಿಗೆ ಮಟ್ಟ ತುಂಬಿಸಿದರು, ನಾರ್ತ್‌ರಿಜ್‌ನಲ್ಲಿ ನೀರೇ ಸಿಗದು ಎನ್ನುವ ಹಾಗೆ.

"ಅತ್ತೆ ಹಿಂದೆ ಟ್ರೇಲರಲ್ಲೇ ಮಲಗಿಕೊಂಡು ಬರ್ಲಿ ಬಿಡು," ಎಂದರು ಭಾವ.

"ರೀ, ಓಡೋವಾಗ ಅದರೊಳಗೆ ಯಾರೂ ಇರೋ ಹಾಗಿಲ್ಲ. ಕಾನೂನಿದೆ," ಎಂದು ನನ್ನ ಹೆಂಡತಿ ನನಗೆ ಹೇಳಿದಳು, ಅವರಿಗೆ ಕೇಳಿಸಲಿ ಎಂದು. ಆ ಒಂದು ಮಾತು ಕೇಳಿದ್ದಕ್ಕೆ ಅತ್ತೆ ಬದುಕಿದರು. ಅವರು ಪಿಕಪ್ಪಿನ ಮುಂದಿನ ಸೀಟಿನಲ್ಲಿ ಕೂತರು, ನಾನು ಹಿಂದೆ. ನನ್ನ ಹೆಂಡತಿ ಕಾರಿನಲ್ಲಿ ನಮ್ಮ ಬೆನ್ನ ಹಿಂದೆ ಬಂದಳು. ಅವಳ ಅಕ್ಕ ಮನೆ ನೋಡಿಕೊಳ್ಳಲು ಉಳಿದರು.

ಟ್ರೇಲರ್ ಎಳೆಯುವ ಯಾವ ಗಾಡಿಯೂ ಕ್ಯಾಲಿಫೋರ್ನಿಯಾದಲ್ಲಿ ಐವತ್ತೈದು ಮೈಲಿ ವೇಗ ದಾಟಬಾರದು, ಬಲಗಡೆಯ ಲೇನ್ ಬಿಡಬಾರದು. ಭಾವ ಎಪ್ಪತ್ತರಲ್ಲಿ ನಡುವಿನ ಲೇನಿನಲ್ಲಿ ಹೋಗುತ್ತಿದ್ದರು. ಹದಿನೈದನೇ ಹೆದ್ದಾರಿ ಲೇಕ್ ಹಾಡ್ಜಸ್ ಕಡೆಗೆ ಇಳಿಯುವಲ್ಲಿ ಒಂದು ದೊಡ್ಡ ಲಾರಿ ನಮ್ಮನ್ನು ದಾಟಿತು. ಅದರ ಗಾಳಿ ಬಡಿದದ್ದೇ ತಡ, ನಮ್ಮ ಬೆನ್ನ ಹಿಂದಿನ ಡಬ್ಬ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಾಳಿಪಟದ ಬಾಲಂಗೋಚಿಯ ಹಾಗೆ ಬೀಸತೊಡಗಿತು. ಪ್ರತಿ ಬೀಸಿಗೂ ಪಿಕಪ್ಪಿನ ಹಿಂಭಾಗ ಅದರ ಜೊತೆ ಜರುಗುತ್ತಿತ್ತು. ಭಾವ ಎರಡೂ ಕಾಲಲ್ಲಿ ಬ್ರೇಕ್ ತುಳಿದರು. ಬೀಸು ಇನ್ನೂ ಅಗಲವಾಯಿತು.

"ಬ್ರೇಕ್ ಬಿಡಿ ಭಾವ! ಬಿಡಿ!"

"ಬಿಟ್ರೆ ಹೋಗ್ತೀವಲ್ಲಯ್ಯಾ!"

"ಹಿಡಿದ್ರೂ ಹೋಗ್ತೀವಿ!"

ಅತ್ತೆ ಮುಂದಿನ ಹಿಡಿಕೆಯನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ್ದರು. ಸೇತುವೆ ದಾಟಿ ರಸ್ತೆ ಏರಿದ್ದರಿಂದ ವೇಗ ತಾನಾಗಿ ಇಳಿಯಿತು, ಡಬ್ಬ ಸುಸ್ತಾಗಿ ನೆಟ್ಟಗಾಯಿತು. ನಮ್ಮನ್ನು ಉಳಿಸಿದ್ದು ಆ ಏರು. ಭಾವ ಇವತ್ತಿಗೂ ತಮ್ಮ ಕೈಚಳಕ ಎನ್ನುತ್ತಾರೆ. ಅಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಇಷ್ಟೇ: ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು, ಸ್ಟೀರಿಂಗ್ ನೆಟ್ಟಗೆ ಹಿಡಿಯಬೇಕು, ಡ್ಯಾಶ್‌ಬೋರ್ಡಿನಲ್ಲಿ ಟ್ರೇಲರ್ ಬ್ರೇಕಿಗೆಂದೇ ಇರುವ ಸಣ್ಣ ಹಿಡಿಯನ್ನು ಕೈಯಲ್ಲಿ ಮೆಲ್ಲಗೆ ಒತ್ತಬೇಕು. ಹಿಂದಿನದು ಬಿಗಿಹಿಡಿದರೆ ಮುಂದಿನದು ಅದನ್ನು ಎಳೆದು ಸರಿಮಾಡುತ್ತದೆ. ಭಾವ ಆ ಹಿಡಿಯ ಮೇಲೆ ತಮ್ಮ ಕನ್ನಡಕದ ಚೀಲ ನೇತುಹಾಕಿದ್ದರು.

ಎಸ್ಕಂಡಿಡೋದಲ್ಲಿ ಹೆದ್ದಾರಿಯಿಂದ ಹೊರಬಿದ್ದು ಒಂದು ಅಂಗಡಿಯ ಪಾರ್ಕಿಂಗಿನಲ್ಲಿ ನಿಂತೆವು. ಟ್ರೇಲರಿನ ಬಾಗಿಲು ತೆಗೆದರೆ ಉಪ್ಪಿನಕಾಯಿಯ ಘಾಟು ಮುಖಕ್ಕೆ ಹೊಡೆಯಿತು. ಗ್ರೈಂಡರ್ ಹಾಸಿಗೆಯಿಂದ ಉರುಳಿ ಬಚ್ಚಲಿನ ಬಾಗಿಲು ಸೀಳಿತ್ತು. ಸಂಡಿಗೆಯೆಲ್ಲ ಪುಡಿಯಾಗಿ ಮಾವಿನ ರಸದಲ್ಲಿ ನೆಂದು ಕೂತಿತ್ತು.

ಅತ್ತೆ ಪಾದಚಾರಿ ಕಟ್ಟೆಯ ಮೇಲೆ ಕೂತು ನೀರು ಕುಡಿದರು. ಆಮೇಲೆ ಎದ್ದು ಬಂದು, ಟ್ರೇಲರಿನ ಮುಂದಿನ ಕಬ್ಬಿಣದ ಮೂತಿ ಪಿಕಪ್ಪಿಗೆ ಸೇರುವ ಜಾಗವನ್ನು ಬಗ್ಗಿ ನೋಡಿದರು.

"ಅಳಿಯಂದ್ರೇ, ಇದು ಮೂಕಿ ತಾನೆ?"

"ಮೂಕಿ ಅಂದ್ರೆ?" ಭಾವ ಬೆಂಗಳೂರಿನ ಬಸವನಗುಡಿಯಲ್ಲಿ ಹುಟ್ಟಿದವರು.

"ಎತ್ತಿನಗಾಡಿ ಮುಂದೆ ಚಾಚಿಕೊಂಡಿರತ್ತಲ್ಲ ಮರ, ನೊಗ ಕಟ್ಟೋದು, ಅದರ ತುದಿ. ನಮ್ಮಪ್ಪ ಗಾಡಿಗೆ ಭತ್ತ ಹೇರಿಸಿದ ಮೇಲೆ ಮೂಕಿ ಕೈಯಲ್ಲಿ ಎತ್ತಿ ನೋಡೋರು. ಹಗುರಾಗಿ ಬಂದ್ರೆ ಒಂದು ಮೂಟೆ ಮುಂದಕ್ಕೆ ಹಾಕು ಅನ್ನೋರು. ಎತ್ತಿನ ಕುತ್ತಿಗೆ ಮೇಲೆ ಒಂಚೂರು ಭಾರ ಕೂರ್ಬೇಕು. ಜಾಸ್ತಿ ಆದ್ರೆ ಎತ್ತು ಕುಸಿಯತ್ತೆ, ಕಮ್ಮಿ ಆದ್ರೆ ಮೂಕಿ ಏಳತ್ತೆ, ಗಾಡಿ ಹೇಳಿದ್ಹಾಗೆ ಕೇಳಲ್ಲ. ನೀವು ಊರಿನ ಸಾಮಾನೆಲ್ಲ ತಗೊಂಡು ಹೋಗಿ ಹಿಂದಕ್ಕೆ ಹೇರಿದೀರಿ. ಇಷ್ಟೊಂದು ಓದಿದೀರಿ ಇಬ್ರೂ, ಇದನ್ನ ಯಾರೂ ಹೇಳ್ಕೊಡ್ಲಿಲ್ವಾ?"

ನಮ್ಮ ಕಡೆ ಅತ್ತೆಯಂದಿರು ಅಳಿಯನಿಗೆ ಏಕವಚನ ಹಚ್ಚುವುದಿಲ್ಲ. ಆ ಬಹುವಚನದಲ್ಲಿ ಬೈಸಿಕೊಂಡವರಿಗೇ ಗೊತ್ತು ಅದರ ಉರಿ.

ಅಲ್ಲಿಂದ ನಲವತ್ತು ಮೈಲಿ ವೇಗದಲ್ಲಿ, ಹಿಂದೆ ಬರುವವರೆಲ್ಲರ ಹಾರ್ನ್ ಕೇಳಿಸಿಕೊಳ್ಳುತ್ತ ಮನೆಗೆ ವಾಪಸು ಬಂದೆವು. ಬಂದವರೇ ಅತ್ತೆ ಘೋಷಿಸಿದರು: "ದೊಡ್ಡ ಅಳಿಯಂದ್ರು ಓಡ್ಸೋದಾದ್ರೆ ನಾನು ಬರಲ್ಲ. ಅವರಿಗೆ ಮಲಗ್ಸೋ ಅಭ್ಯಾಸ." ಭಾವ ಪತ್ರಿಕೆ ಎತ್ತಿ ಮುಖಕ್ಕೆ ಅಡ್ಡ ಹಿಡಿದರು.

ವಿಮಾನಕ್ಕೆ ನಾಲ್ಕು ವಾರ ಉಳಿದಿತ್ತು. ನಾನು ಕಾಫಿ ಲೋಟ ಪಕ್ಕಕ್ಕಿಟ್ಟು ಆ ದಪ್ಪ ಪುಸ್ತಕ ಬಿಚ್ಚಿದೆ. ಅತ್ತೆ ಹೇಳಿದ್ದೇ ಅದರಲ್ಲೂ ಇತ್ತು, ಎತ್ತು ಮತ್ತು ಭತ್ತ ಬಿಟ್ಟು. ಟ್ರೇಲರಿನ ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಇಲ್ಲವೇ ಅದಕ್ಕಿಂತ ತುಸು ಹೆಚ್ಚು, ಆ ಮೂತಿಯ ಮೇಲೆ ಕೂರಬೇಕು. ನಾನು ಅದಕ್ಕೆ ಮೂಕಿಭಾರ ಎಂದೇ ಹೇಳುತ್ತೇನೆ. ಭಾರದ ಸಾಮಾನು ಚಕ್ರಕ್ಕಿಂತ ಮುಂದೆ, ನೆಲಕ್ಕೆ ತಾಗಿ. ಹಗುರದ್ದು ಹಿಂದೆ, ಮೇಲೆ. ಪಿಕಪ್ಪಿನ ಬಾಗಿಲ ಚೌಕಟ್ಟಿನಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ, ಜನ ಸಾಮಾನು ಸೇರಿ ಆ ಗಾಡಿ ಎಷ್ಟು ಹೊರಬಹುದೆಂದು. ಮೂಕಿಭಾರವೂ ಆ ಲೆಕ್ಕದೊಳಗೇ ಬರಬೇಕು. ಜಾಹೀರಾತಿನಲ್ಲಿ ಬೆಟ್ಟ ಎಳೆಯುವ ಚಿತ್ರ ನೋಡಿ ಕೊಂಡವರು ಆ ಚೀಟಿ ಓದುವುದಿಲ್ಲ. ಓದಿದರೆ ಅವರ ಟ್ರೇಲರ್ ಅರ್ಧಕ್ಕೆ ಇಳಿಯುತ್ತದೆ, ಮೀಸೆಯೂ.

ನನ್ನ ಹೆಂಡತಿ ಅಕ್ಕಿ ಮೂಟೆಯವರಿಗೆಲ್ಲ ಫೋನು ಮಾಡಿ ಅವರವರ ಸಾಮಾನು ಅವರವರೇ ಒಯ್ಯುವಂತೆ ಹೇಳಿದಳು. ಒಬ್ಬರು ಈಗಲೂ ನಮ್ಮೊಡನೆ ಮಾತಾಡುವುದಿಲ್ಲ. ಟ್ರೇಲರಿನಿಂದ ನಮಗಾದ ಲಾಭಗಳಲ್ಲಿ ಅದೂ ಒಂದು. ಹಿತ್ತಾಳೆ ಪಾತ್ರೆ ಮಾತ್ರ ಉಳಿಯಿತು, ಮುಂದಿನ ಮಂಚದ ಅಡಿಗೆ ಬಂತು. ನೀರಿನ ಟ್ಯಾಂಕಿನಲ್ಲಿ ಬಚ್ಚಲಿಗೆ ಬೇಕಾದಷ್ಟು ಬಿಟ್ಟು ಉಳಿದದ್ದು ಖಾಲಿ ಮಾಡಿದೆ. ಲಾರಿಗಳನ್ನು ತೂಗುವ ಕಟ್ಟೆಗೆ ಎಳೆದುಕೊಂಡು ಹೋಗಿ ತೂಕ ಹಾಕಿಸಿದೆ. ಕೊಕ್ಕೆಯ ಕೆಳಗಿನ ಎರಡು ಸರಪಳಿಗಳನ್ನು ಕತ್ತರಿಯಾಕಾರದಲ್ಲಿ ಹಾಕುವುದು ಯಾಕೆಂದು ಅವತ್ತು ತಿಳಿಯಿತು: ಕೊಕ್ಕೆ ಕಳಚಿದರೆ ಮೂತಿ ರಸ್ತೆಗೆ ಬೀಳದೆ ಆ ತೊಟ್ಟಿಲಲ್ಲಿ ಕೂರುತ್ತದೆ. ಭಾವ ಅವನ್ನು ನೆಟ್ಟಗೆ ಹಾಕಿದ್ದರು, ನೋಡಲು ಚೆನ್ನಾಗಿರುತ್ತದೆಂದು.

ಇನ್ನುಳಿದದ್ದು ಹಿಂದಕ್ಕೆ ಓಡಿಸುವುದು. ನಾರ್ತ್‌ರಿಜ್‌ನಲ್ಲಿರುವ ಚಿಕ್ಕತ್ತೆಯ ಮಗ ಅಳತೆ ಕಳಿಸಿದ್ದ. ಮನೆಯ ಪಕ್ಕದಲ್ಲಿ ಹಿಂದಿನ ಗರಾಜಿನವರೆಗೂ ಹೋಗುವ ಉದ್ದದ ಡ್ರೈವ್‌ವೇ, ಒಂದು ಕಡೆ ಮನೆ, ಇನ್ನೊಂದು ಕಡೆ ಪಕ್ಕದವರ ಸಿಮೆಂಟ್ ಇಟ್ಟಿಗೆಯ ಗೋಡೆ. ಅಗಲ ಇಷ್ಟು, ಇಳಿಜಾರು ಇಷ್ಟು, ನಿಂಬೆ ಮರದ ಕೊಂಬೆಯ ಎತ್ತರ ಇಷ್ಟು. ಟ್ರೇಲರನ್ನು ಹಿಮ್ಮುಖವಾಗಿ ನುಗ್ಗಿಸಿ ನಿಲ್ಲಿಸುವವನೇ ಗಂಡಸು ಎಂದು ಜಗತ್ತಿನ ಎಲ್ಲ ವಿಡಿಯೊಗಳೂ ಒಕ್ಕೊರಲಿನಿಂದ ಹೇಳುತ್ತಿದ್ದವು. ನಾನೂ ನಂಬಿದೆ.

ಸೊರೆಂಟೊ ವ್ಯಾಲಿಯ ನಮ್ಮ ಆಫೀಸಿನವರೆಲ್ಲ ಮನೆಯಿಂದಲೇ ಕೆಲಸ ಮಾಡುತ್ತಿದ್ದುದರಿಂದ ಪಾರ್ಕಿಂಗ್ ಬಯಲು ಬಯಲಾಗಿತ್ತು. ಅನುಮತಿ ಕೇಳಿ ಮೂರು ಶನಿವಾರ ಅಲ್ಲಿ ಅಭ್ಯಾಸ ಮಾಡಿದೆ. ಸ್ಟೀರಿಂಗಿನ ಮೇಲ್ತುದಿ ಹಿಡಿದರೆ ಎಲ್ಲವೂ ಉಲ್ಟಾ ಆಗುತ್ತದೆ, ಕೆಳತುದಿ ಹಿಡಿಯಬೇಕು. ಟ್ರೇಲರಿನ ಹಿಂಭಾಗ ಯಾವ ಕಡೆ ಹೋಗಬೇಕೋ ಕೈ ಆ ಕಡೆ ಸರಿಸಬೇಕು, ಒಂದೊಂದು ಬೆರಳಿನಷ್ಟು. ಕೆಟ್ಟರೆ ಮುಂದಕ್ಕೆ ಹೋಗಿ ಮತ್ತೆ ಶುರುಮಾಡಬೇಕು. ಇಷ್ಟು ಸರಳ ಸಂಗತಿಯನ್ನು ಕಲಿಯಲು ನನಗೆ ಮೊದಲ ಶನಿವಾರ ಪೂರ್ತಿ ಬೇಕಾಯಿತು. ಯಾಕೆಂದರೆ ಹಿಂದೆ ನಿಂತು ದಾರಿ ತೋರಿಸುತ್ತಿದ್ದವರು ಭಾವ.

"ಬಲಕ್ಕೆ, ಬಲಕ್ಕೆ! ಅಯ್ಯೋ, ಬಲಕ್ಕಯ್ಯಾ!"

"ಯಾರ ಬಲ ಭಾವ?"

"ನನ್ನ ಬಲ!"

"ನೀವು ನನ್ನ ಕಡೆ ಬೆನ್ನು ಮಾಡಿ ನಿಂತಿದೀರಿ! ನಿಮ್ಮ ಬಲ ನನ್ನ ಎಡ!"

"ಹಾಗಾದ್ರೆ ಎಡಕ್ಕೆ ತಿರುಗ್ಸು, ನನ್ನ ಕೇಳ್ತೀಯಲ್ಲ!"

ಮಂಗಳಾರತಿ ಎತ್ತುವವರ ಹಾಗೆ ಎರಡೂ ಕೈ ಸುತ್ತಿಸುತ್ತ ಅವರು ಟ್ರೇಲರಿನ ಬೆನ್ನ ಹಿಂದೆ ಮಾಯವಾಗುತ್ತಿದ್ದರು. ದಾರಿ ತೋರಿಸುವವರು ಕನ್ನಡಿಯಲ್ಲಿ ಕಾಣುವಲ್ಲಿ ನಿಲ್ಲಬೇಕು, ಫೋನಿನಲ್ಲಿ ಮಾತಾಡಬೇಕು, ಎಡ ಬಲ ಎನ್ನದೆ "ಗೋಡೆ ಕಡೆ", "ಮರದ ಕಡೆ" ಎನ್ನಬೇಕು. ಎರಡನೆಯ ಶನಿವಾರದಿಂದ ಹೀಗೇ ಮಾಡಿಸಿದೆ. ಮೂರನೆಯ ಶನಿವಾರ ಎರಡು ಬಿಳಿ ಗೆರೆಗಳ ನಡುವೆ ಒಂದೇ ಸಲಕ್ಕೆ ನಿಲ್ಲಿಸಿ ಕೆಳಗಿಳಿದಾಗ ಎದೆ ಎರಡು ಅಂಗುಲ ಉಬ್ಬಿತ್ತು. ಭಾವನನ್ನು ನೋಡಿದ ನನ್ನ ನೋಟದಲ್ಲಿ ಏನಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ತಿರಸ್ಕಾರವಿತ್ತು. ಅದಕ್ಕೆ ನನಗೆ ಹಕ್ಕಿದೆ ಎಂದೇ ಭಾವಿಸಿದ್ದೆ.

ವಿಮಾನಕ್ಕೆ ಎಂಟು ದಿನವಿರುವಾಗ ಬೆಳಿಗ್ಗೆ ಎರಡನೆಯ ಸಲ ಹೊರಟೆವು. ಈ ಸಲ ಸ್ಟೀರಿಂಗ್ ನನ್ನ ಕೈಯಲ್ಲಿ, ಅತ್ತೆ ನನ್ನ ಪಕ್ಕ, ಭಾವ ಹಿಂದಿನ ಸೀಟಿನಲ್ಲಿ, ನನ್ನ ಹೆಂಡತಿ ಹಿಂದಿನ ಸಲದಂತೆ ಕಾರಿನಲ್ಲಿ. ಐವತ್ತೈದು ದಾಟಲಿಲ್ಲ. ಲೇಕ್ ಹಾಡ್ಜಸ್ ಇಳಿಜಾರಿನಲ್ಲಿ ಲಾರಿ ದಾಟಿತು. ಡಬ್ಬ ಒಂದು ಸಲ ಮೈಮುರಿದು ಸುಮ್ಮನಾಯಿತು. ಅತ್ತೆ ಕಣ್ಣು ಬಿಟ್ಟುಕೊಂಡೇ ಕೂತಿದ್ದರು.

"ಈಗ ಮೂಕಿ ಸರಿಯಾಗಿದೆ," ಎಂದರು. ನನ್ನ ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅವರ ಬಾಯಿಂದ ಬಂದ ಮೊದಲ ಮೆಚ್ಚುಗೆ ಅದು. ಅದೂ ಮೂಕಿಗೆ ಸಂದಿತು.

ದಾರಿಯಲ್ಲಿ ನಾಲ್ಕು ಸಲ ನಿಂತು, ಟ್ರೇಲರಿನ ಬಚ್ಚಲು ಬಳಸಿ, ಮಧ್ಯಾಹ್ನದ ಹೊತ್ತಿಗೆ ನಾರ್ತ್‌ರಿಜ್ ತಲುಪಿದೆವು. ಆ ಬಚ್ಚಲಿನ ಕೊಳೆ ನೀರು ಅದರ ಹೊಟ್ಟೆಯಲ್ಲೇ ಇರುತ್ತದೆ. ಆಮೇಲೆ ಅದಕ್ಕೆಂದೇ ಇರುವ ಗುಂಡಿಗೆ ಕೊಳವೆ ಹಚ್ಚಿ, ಗವಸು ಹಾಕಿ, ಯಜಮಾನನೇ ಬಿಡಬೇಕು. ಮನೆಯಲ್ಲಿ ತಾವು ತಿಂದ ತಟ್ಟೆ ಎತ್ತದ ಗಂಡಸರು ಟ್ರೇಲರ್ ಕೊಂಡರೆ ದೇವರು ಈ ರೂಪದಲ್ಲಿ ಬರುತ್ತಾನೆ.

ಚಿಕ್ಕತ್ತೆ ಆಗಲೇ ಮನೆಯ ಪಕ್ಕದ ಜಗುಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ತಲೆಗೆ ನೀಲಿ ಬಟ್ಟೆ, ಮೂಗು ಬಾಯಿಗೆ ಮಾಸ್ಕ್. ಇಳಿಯಲು ಹೊರಟ ಅತ್ತೆಯನ್ನು ನಾನೇ ತಡೆದೆ. "ಒಂದ್ನಿಮಿಷ ಅತ್ತೆ, ಮೊದಲು ನಿಲ್ಲಿಸ್ಬಿಡ್ತೀನಿ. ಆಮೇಲೆ ಆರಾಮಾಗಿ ಇಳೀರಿ."

ನಿಲ್ಲಿಸಿದೆ. ಬೀದಿಯಲ್ಲಿ ಮುಂದೆ ಹೋಗಿ, ಕೆಳತುದಿ ಹಿಡಿದು, ಬೆರಳ ಬೆರಳಷ್ಟೇ ಸರಿಸುತ್ತ, "ಗೋಡೆ ಕಡೆ", "ಮರದ ಕಡೆ" ಎಂಬ ಭಾವನ ದನಿ ಫೋನಿನಲ್ಲಿ ಕೇಳುತ್ತ, ನಿಂಬೆ ಮರದ ಒಂದು ಎಲೆಯೂ ಅಲ್ಲಾಡದಂತೆ, ಗೋಡೆಗೆ ಒಂದು ಅಡಿ ಬಿಟ್ಟು, ಒಂದೇ ಸಲಕ್ಕೆ. ಎದುರು ಮನೆಯ ಅಮೆರಿಕನ್ ಮುದುಕ ತನ್ನ ಹುಲ್ಲಿಗೆ ನೀರು ಬಿಡುವುದನ್ನು ನಿಲ್ಲಿಸಿ ಹೆಬ್ಬೆರಳು ಎತ್ತಿದ. ಮೊದಲು ಚಕ್ರಗಳಿಗೆ ಅಡ್ಡಗಟ್ಟೆ ಇಟ್ಟೆ. ಅದನ್ನಿಡದೆ ಕೊಕ್ಕೆ ಬಿಡಿಸುವವರು ತಮ್ಮ ಟ್ರೇಲರ್ ತಾವೇ ಬೆನ್ನಟ್ಟಿ ಓಡುತ್ತಾರೆ. ಆಮೇಲೆ ಬಂದು ಅತ್ತೆಗೆ ಕೈಕೊಟ್ಟು ಇಳಿಸಿದೆ.

ಅತ್ತೆ ಟ್ರೇಲರಿನ ಮೂತಿಯ ಪಕ್ಕ, ಗೋಡೆಯ ಬದಿಗೆ ಬಂದು ನಿಂತರು. ಬಿಳಿ ತಗಡು, ಕಿಟಕಿಗಳು, ಒಂದು ಜಾಲರಿ.

"ಅಳಿಯಂದ್ರೇ, ಬಾಗಿಲೆಲ್ಲಿ?"

ಟ್ರೇಲರಿನ ಬಾಗಿಲು ಯಾವಾಗಲೂ ಅದರ ಬಲಮಗ್ಗುಲಲ್ಲಿರುತ್ತದೆ, ಗಾಡಿಗಳು ಬಲಬದಿಗೆ ಓಡುವ ಈ ದೇಶದಲ್ಲಿ ರಸ್ತೆಯ ಅಂಚಿಗೆ ಇಳಿಯಲು ಅನುಕೂಲವಾಗಲೆಂದು. ಮೂತಿ ಬೀದಿಗೆ ಮಾಡಿ ಹಿಮ್ಮುಖವಾಗಿ ನಿಲ್ಲಿಸಿದ್ದರಿಂದ ಆ ಬಲಮಗ್ಗುಲು ಪಕ್ಕದವರ ಗೋಡೆಯ ಕಡೆ ಇತ್ತು. ಒಂದು ಅಡಿ ಸಂದಿ. ಬಾಗಿಲು ಒಂದು ಗೇಣೂ ತೆರೆಯುವಂತಿರಲಿಲ್ಲ. ತೆರೆದರೂ ಅತ್ತೆಗೆ ಕಾಣುತ್ತಿದ್ದದ್ದು ಸಿಮೆಂಟ್ ಇಟ್ಟಿಗೆ. ಆಫೀಸಿನ ಪಾರ್ಕಿಂಗಿನಲ್ಲಿ ಗೆರೆಗಳಿದ್ದವು, ಮನೆಯೂ ಇರಲಿಲ್ಲ, ಗೋಡೆಯೂ ಇರಲಿಲ್ಲ. ಮೂರು ಶನಿವಾರ ನಾನು ಎಲ್ಲವನ್ನೂ ಯೋಚಿಸಿದ್ದೆ, ಅದರಿಂದ ಒಬ್ಬರು ಇಳಿದು ಬರಬೇಕು ಎನ್ನುವುದೊಂದನ್ನು ಬಿಟ್ಟು.

"ಗೋಡೆ ತೋರ್ಸೋಕೆ ಕರ್ಕೊಂಡು ಬಂದ್ರಾ ನನ್ನ?" ಎಂದರು ಅತ್ತೆ. ಟ್ರೇಲರ್ ಜಗುಲಿಗೆ ಅಡ್ಡವಾಗಿ ನಿಂತಿತ್ತು. ಅದರ ಆಚೆಯಿಂದ, ಕಿವಿ ಕೇಳಿಸದವರ ದೊಡ್ಡ ದನಿಯಲ್ಲಿ, ಚಿಕ್ಕತ್ತೆ ಕೂಗುತ್ತಿದ್ದರು: "ಅಕ್ಕಾ! ಎಲ್ಲಿದೀಯೇ? ನನಗೆ ಬರೀ ಡಬ್ಬ ಕಾಣ್ತಿದೆ!"

ಭಾವ ಫೋನು ಜೇಬಿಗೆ ಹಾಕಿಕೊಂಡರು. ಮುಖದಲ್ಲಿ ಮೂರು ವಾರಗಳಿಂದ ಕಾಣದ ಒಂದು ಶಾಂತಿಯಿತ್ತು.

"ಮೂತಿ ಒಳಗೆ ಮಾಡಿ ನೆಟ್ಟಗೆ ನುಗ್ಗಿಸಿದ್ರೆ ಬಾಗಿಲು ಜಗಲಿ ಕಡೆ ಬರ್ತಿತ್ತಲ್ವೇನಯ್ಯಾ?"

"ಬರ್ತಿತ್ತು ಭಾವ."

"ಅದಕ್ಕೆ ಹಿಂದಕ್ಕೆ ಓಡ್ಸೋದು ಬರ್ಬೇಕಾ?"

"ಬೇಡ ಭಾವ."

ಅವರು ಇನ್ನೇನೂ ಅನ್ನಲಿಲ್ಲ. ಅನ್ನದೇ ಇದ್ದದ್ದೇ ಅವರು ನನಗೆ ಕೊಟ್ಟ ಅರಿವಳಿಕೆ.

ಅಡ್ಡಗಟ್ಟೆ ತೆಗೆದು, ಬೀದಿಗೆ ಹೊರಟು, ಒಂದು ಸುತ್ತು ಹಾಕಿ ಬಂದು, ಯಾವ ದಡ್ಡನೂ ಮಾಡಬಹುದಾದಂತೆ ಮೂತಿ ಮುಂದಾಗಿ ಒಳಗೆ ನುಗ್ಗಿಸಿದೆ. ಎರಡು ನಿಮಿಷವೂ ಹಿಡಿಯಲಿಲ್ಲ. ಬಾಗಿಲು ಸರಿಯಾಗಿ ಜಗುಲಿಯ ಎದುರಿಗೆ ಬಂತು, ನಡುವೆ ಹತ್ತು ಅಡಿಗೆ ಒಂದಿಷ್ಟು ಹೆಚ್ಚೇ ಇರಬೇಕು. ಟ್ರೇಲರಿನ ಪಕ್ಕದ ಬಟ್ಟೆಯ ಚಪ್ಪರ ಬಿಚ್ಚಿ ನೆರಳು ಮಾಡಿದೆ. ಎದುರು ಮನೆಯ ಮುದುಕ ಈ ಸಲ ಹೆಬ್ಬೆರಳು ಎತ್ತಲಿಲ್ಲ.

ಅತ್ತೆ ಟ್ರೇಲರಿನ ಮೆಟ್ಟಿಲ ಮೇಲೆ ಕೂತರು. ಸೆರಗು ಸರಿಮಾಡಿಕೊಂಡು ಮಾಸ್ಕ್ ಇಳಿಸಿದರು. ಆಚೆ ಚಿಕ್ಕತ್ತೆಯೂ ಇಳಿಸಿದರು. ಆಮೇಲೆ ಚಿಕ್ಕತ್ತೆ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

"ಅಕ್ಕಾ, ಮುಂದಿನ ಹಲ್ಲು ಯಾವಾಗ ಹೋಯ್ತೇ? ಫೋನಲ್ಲಿ ತೋರಿಸ್ಲೇ ಇಲ್ಲ ನೀನು!"

"ನೀನು ಕೂದಲು ಹೋಯ್ತು ಅಂತ ಹೇಳಿದ್ಯಾ?" ಎಂದರು ಅತ್ತೆ, ಒಂದೊಂದು ಅಕ್ಷರವನ್ನೂ ಬಾಯಿಯಗಲಿಸಿ ಬಿಡಿಸಿ.

ನನ್ನ ಹೆಂಡತಿ ಹಿತ್ತಾಳೆ ಪಾತ್ರೆಗಳ ಗಂಟನ್ನು ನಡುವಿನ ನೆಲದ ಮೇಲೆ ಇಟ್ಟು ಬಂದಳು. ಯಾವ ಪಾತ್ರೆ ಯಾವ ಹಬ್ಬದಲ್ಲಿ ಬಗ್ಗಿತು ಎಂದು ಅವರಿಬ್ಬರ ಜಗಳ ಶುರುವಾಯಿತು. ನಾಲ್ಕು ದಿನ ಅವಳೂ ಅತ್ತೆಯೂ ಅಲ್ಲೇ ಉಳಿಯುವುದು, ನಾವಿಬ್ಬರು ಕಾರಿನಲ್ಲಿ ವಾಪಸು ಹೋಗುವುದು ಎಂದು ಗೊತ್ತಾಗಿತ್ತು. ನಾನೂ ಭಾವನೂ ಹೊರಡಲು ನಿಂಬೆ ಮರದ ಅಡಿ ನಿಂತು ಕಾಯುತ್ತಿದ್ದೆವು, ಅತ್ತೆಯ ಬೆನ್ನ ಕಡೆ.

ಚಿಕ್ಕತ್ತೆ ತಲೆಯೆತ್ತಿ ನಮ್ಮ ಕಡೆ ಬೆರಳು ಮಾಡಿದರು. "ಅದೇನೇ ಅಕ್ಕಾ, ಮೊದಲು ಗೋಡೆಗೆ ಮುಖ ಮಾಡಿ ನಿಲ್ಸಿದ್ದು? ಯಾರು ಓಡ್ಸಿದ್ದು ಇದನ್ನ?"

ಅತ್ತೆ ತಿರುಗಿ ನಮ್ಮಿಬ್ಬರನ್ನೂ ಒಂದು ಸಲ ನೋಡಿದರು. ಮತ್ತೆ ತಂಗಿಯ ಕಡೆ ಮುಖ ಮಾಡಿ ಏನೋ ಹೇಳಿದರು. ದನಿಯಿಲ್ಲದೆ, ಬರೀ ತುಟಿಯಲ್ಲಿ. ನಮಗೆ ಕಾಣುತ್ತಿದ್ದದ್ದು ಅವರ ತುರುಬು ಅಲ್ಲಾಡುವುದಷ್ಟೇ. ಸಾಕಷ್ಟು ಉದ್ದದ ಮಾತಿರಬೇಕು. ತುರುಬು ಬಹಳ ಹೊತ್ತು ಅಲ್ಲಾಡಿತು. ಚಿಕ್ಕತ್ತೆ ಎದೆಗೆ ಕೈಯಿಟ್ಟುಕೊಂಡು ನಕ್ಕರು. ಕೆಮ್ಮು ಬಂತು, ಕೆಮ್ಮಿ ಮತ್ತೆ ನಕ್ಕರು. ಭಾವನನ್ನು ನೋಡಿದರು, ನನ್ನನ್ನು ನೋಡಿದರು, ತಲೆಯ ನೀಲಿ ಬಟ್ಟೆ ಜಾರುವಷ್ಟು ನಕ್ಕರು.

"ಏನಂದ್ರಯ್ಯಾ ಅತ್ತೆ?" ಭಾವ ಮೆಲ್ಲಗೆ ಕೇಳಿದರು.

"ನಿಮ್ಮ ವಿಷಯ ಭಾವ," ಎಂದೆ.

ಅವರು ನಂಬಲಿಲ್ಲ. ನಾನೂ ನಂಬಿರಲಿಲ್ಲ.